ಇಂಗ್ಲೆಂಡಿನ ವಾಡೆಯ ಯಜಮಾನಿ ಕಾಣೆಯಾದದ್ದು

ಗೋಡೆ ಖಾಲಿ!

ನಿನ್ನೆ ಸಂಜೆ ಆ ಗೋಡೆಯ ಮೇಲೆ ಬಂಗಾರ ಬಣ್ಣದ ಹೆಂಗಸೊಬ್ಬಳು ಕೈ ಮುಗಿದು ನಿಂತಿದ್ದಳು. ಈಗ ಅಲ್ಲಿ ಬರೀ ಸುಣ್ಣ.

"ಅಯ್ಯ ಶಿವನ! ನನ್ನ ಪಟ ಎಲ್ಲಿ?"

ಸುಮಂಗಲಾಬಾಯಿ ಚೀರಿದ ಚೀರಿಗೆ, ಮಲ್ಕಾಜ್‌ಗಿರಿ ಸ್ಟೇಷನ್ನಿನಲ್ಲಿ ನಿಂತಿದ್ದ ಗೂಡ್ಸ್ ಗಾಡಿ ಗಾರ್ಡನ ಸೀಟಿಯೆಂದು ತಿಳಿದು ಹೊರಟೇ ಬಿಟ್ಟಿತು. ಹಾಗಂತ ಆಮೇಲೆ ಭೀಮಾಶಂಕರ ಜಮಾದಾರರು ಹೇಳಿದ್ದು. ಅವರು ಹೇಳಿದ್ದರಲ್ಲಿ ಅರ್ಧ ಬಿಟ್ಟರೂ ಚೀರು ಜೋರಾಗಿಯೇ ಇತ್ತು.

ಜಮಾದಾರರಿಗೆ ಅದು ನೇರವಾಗಿ ಎದೆಗೆ ತಾಗಿತು. ಯಾಕೆಂದರೆ ಕಾವಲು ಅವರದೇ. ರೈಲ್ವೆ ಪೊಲೀಸಿನಲ್ಲಿ ದುಡಿದು ನಿವೃತ್ತರಾದ ಅವರು, ಕನ್ನಡ ಬಳಗದ ಸಭೆ ನಡೆಯುವ ಹಾಲಿನ ಮುಂಬಾಗಿಲಲ್ಲಿ ಮಾವಿನ ಸೊಪ್ಪಿನ ಹಸಿರು ಚಪ್ಪರದ ಕೆಳಗೆ ಬೆಳಿಗ್ಗೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. "ನಾ ಕುಂತೆ ಅಂದ್ರ ಇರಿವಿ ಸುದ್ದಾ ಪ್ಲಾಟ್‌ಫಾರಂ ಟಿಕೆಟ್ ತಗೊಂಡ ಒಳಗ ಹೋಗಬೇಕು" ಎಂದು ಮೀಸೆ ತಿರುವಿದ್ದರು. ಈಗ ಎದ್ದು ಒಳಗೆ ಓಡುವಾಗ ಆ ಮೀಸೆ ಸ್ವಲ್ಪ ಇಳಿದಿತ್ತು.

"ಯಾರೂ ಏನೂ ಮುಟ್ಟಬ್ಯಾಡ್ರಿ!" ಎಂದು ಗದರಿಸಿ ಗೋಡೆಯ ಹತ್ತಿರ ಹೋದರು. ಪಟ ಹರಿದ ಗುರುತಿಲ್ಲ. ಚುಚ್ಚಿದ್ದ ಪಿನ್ನುಗಳು ಗೋಡೆಯ ಕೆಳಗಿನ ಸ್ಟೂಲಿನ ಮೇಲೆ ಒಪ್ಪವಾಗಿ ಒಂದೇ ಕಡೆ ಕೂತಿದ್ದವು. ಪಕ್ಕದಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ, ನಾಲ್ಕಾರು ಅರಿಶಿನದ ಅಕ್ಕಿ ಕಾಳು. ಸಂಜೆಯ ಪಟಗಳ ಪ್ರದರ್ಶನದ ಉದ್ಘಾಟನೆಗೆ ಯಾರೋ ತಂದಿಟ್ಟಿರಬೇಕು ಎಂದುಕೊಂಡರು. ಯೋಚನೆ ಬಂದಾಗ ಬಾಯಾಡಿಸುವುದು ಜಮಾದಾರರ ಹಳೆಯ ಚಟ. ಎಲೆ ಮಡಚಿದರು, ಅಡಿಕೆ ಇಟ್ಟರು, ಬಾಯಿಗೆ ಹಾಕಿಕೊಂಡರು.

"ಇದು ಗೊತ್ತಿದ್ದವರ ಕೆಲಸ" ಎಂದರು, ಅಗಿಯುತ್ತ.

ಆ ಪಟ ಅಂಥಿಂಥದ್ದಲ್ಲ. ಸುಮಂಗಲಾಬಾಯಿ ರೈಲ್ವೆ ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸಿದವರು. ಗಚ್ಚಿಬೌಲಿಯ ಕಂಪನಿಯೊಂದು ಅವರ ತಂಗಿಯ ಮಗಳನ್ನು ಒಂದು ವರ್ಷ ಇಂಗ್ಲೆಂಡಿಗೆ ಕಳಿಸಿದಾಗ, ರೊಟ್ಟಿ ಬಡಿದು ಹಾಕಲು ಇವರೂ ಜೊತೆಗೆ ಹೋದರು. ಹುಡುಗಿ ಆಫೀಸಿಗೆ ಹೋದ ಮೇಲೆ ಕಿಟಕಿ ನೋಡುತ್ತ ಕೂಡುವ ಜೀವವೇ ಅದು? ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಸಿಕ್ಕ ಬಸ್ಸು ಹತ್ತಿದರು. ಹಳ್ಳಿ ಹಳ್ಳಿ ತಿರುಗಿದರು. ಟ್ಯೂಡರ್ ರಾಜರ ಕಾಲದ ವಾಡೆಗಳನ್ನು ಕಣ್ತುಂಬ ನೋಡಿದರು. ಬಿಳಿ ಗೋಡೆಗೆ ಕರಿ ತೊಲೆ ಅಡ್ಡಡ್ಡ ಉದ್ದುದ್ದ ಕೂಡಿಸಿದ ಮನೆಗಳು, ಸುತ್ತ ನೀರಿನ ಕಂದಕ, ಒಳಗೆ ಮದುವೆ ಊಟ ಬೇಯಿಸುವಷ್ಟು ದೊಡ್ಡ ಒಲೆ. ವಾಡೆಯ ಮಗ್ಗುಲಿಗೆ ಚರ್ಚು. ವಾಡೆಯಲ್ಲಿ ಬಾಳಿದವರು ಕೊನೆಗೆ ಆ ಚರ್ಚಿನ ನೆಲದ ಕೆಳಗೇ ಮಲಗುತ್ತಾರೆ; ಗೋರಿಯ ಕಲ್ಲಿಗೆ ಹಿತ್ತಾಳೆ ತಗಡು ಕೂಡಿಸಿ ಅವರ ರೂಪ ಕೊರೆದಿರುತ್ತಾರೆ. ಆ ತಗಡಿನ ಮೇಲೆ ಕರಿ ಕಾಗದ ಹಾಸಿ, ಬಂಗಾರ ಬಣ್ಣದ ಮೇಣದ ಬಿಲ್ಲೆಯಿಂದ ತಿಕ್ಕಿದರೆ ರೂಪ ಹಾಗೇ ಕಾಗದಕ್ಕೆ ಎದ್ದು ಬರುತ್ತದೆ. ಚರ್ಚು ಗುಡಿಸುವ ಮುದುಕಿಯೊಬ್ಬಳು ಕಲಿಸಿಕೊಟ್ಟಳು. ಸುಮಂಗಲಾಬಾಯಿ ಥಂಡಿ ನೆಲದ ಮೇಲೆ ಮೊಣಕಾಲೂರಿ ದಿನಗಟ್ಟಲೆ ತಿಕ್ಕಿದರು.

ಹಾಗೆ ತಂದ ಪಟಗಳಲ್ಲಿ ರಾಣಿಯಂಥದ್ದು ಒಬ್ಬ ವಾಡೆಯ ಯಜಮಾನಿಯದು. ನೆಲ ಮುಟ್ಟುವ ನಿಲುವಂಗಿ, ಮನೆಯ ಸೂರಿನಂಥ ಟೊಪ್ಪಿಗೆ, ಮುಗಿದ ಕೈ. ಕಾಲ ಬಳಿ ಒಂದು ಹಿಂಡು ಮಕ್ಕಳು, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ.

ಆದರೆ ಊರ ಬಾಯಿ ಸುಮ್ಮನಿರುತ್ತದೆಯೇ? ಬಳಗದ ಕಾರ್ಯದರ್ಶಿ ವಿಜಯಕುಮಾರ "ಆ ಬಾಯಿಗೆ ಬಸ್ಸಿನ ಬೋರ್ಡ್ ಓದಾಕ ಬರೂದಿಲ್ಲ, ಗೋರಿ ತಿಕ್ಕಿದ್ಳಂತ! ಅಂಗಡ್ಯಾಗ ಕೊಂಡಿದ್ದಿರಬೇಕು" ಎಂದು ಹಬ್ಬಿಸಿದ್ದ. ಅದಕ್ಕೇ ಸುಮಂಗಲಾಬಾಯಿ ಹಟ ಹಿಡಿದು, ಹಳೆಯ ಗೋರಿ ಗುಮ್ಮಟಗಳನ್ನು ಓದಿಕೊಂಡ ನಳಿನಿ ಎಂಬ ಪ್ರೊಫೆಸರರನ್ನು ಗಚ್ಚಿಬೌಲಿಯಿಂದ ಕರೆಸಿದ್ದರು. ಸಂಜೆ ಐದಕ್ಕೆ ಅವರು ಬರಬೇಕು, ಪಟ ನೋಡಿ ನಾಲ್ಕು ಜನರ ಮುಂದೆ ಹೇಳಬೇಕು.

ಈಗ ಪಟವೇ ಇಲ್ಲ. ಇನ್ನು ಏನು ಹೇಳುತ್ತಾರೆ? ಸಿಕ್ಕಿಬೀಳುತ್ತೇನೆಂದು ತಾನೇ ಬಚ್ಚಿಟ್ಟಳು ಎನ್ನುತ್ತಾರೆ!

"ಜಮಾದಾರ್ರ, ನನ್ನ ಮರ್ಯಾದಿ ನಿಮ್ಮ ಕೈಯಾಗ ಐತಿ" ಎಂದರು ಸುಮಂಗಲಾಬಾಯಿ. ಕಣ್ಣಲ್ಲಿ ನೀರಿರಲಿಲ್ಲ, ಗದ್ದ ಮಾತ್ರ ಮೇಲೆ ಇತ್ತು.

"ನಡ್ಯಾಕತ್ತ ರೈಲಿನಾಗಿಂದ ಎಮ್ಮಿ ಕದ್ದವನ್ನ ಹಿಡಿದೀನ್ರಿ ಅಕ್ಕಾರ. ಇದೇನು ಮಹಾ?"

"ರೈಲಿನಾಗ ಎಮ್ಮಿ ಹೆಂಗ ಬಂತ್ರಿ?"

"ಅದ ಆಮ್ಯಾಲ ಹೇಳ್ತೀನಿ."

ಮೊದಲು ವಿಜಯಕುಮಾರ. ಯುರೋಪ್ ಟೂರು ಮಾಡಿ ಬಂದವನು. ದೊಡ್ಡ ಗೋಡೆಗೆ ತನ್ನ ಫೋಟೊ ಹಾಕಬೇಕೆಂದಿದ್ದ; ಅವು ಬಚ್ಚಲಮನೆ ಕಡೆಯ ಓಣಿಗೆ ಹೋಗಿದ್ದವು.

"ಸಿಟ್ಟ ಬಂದಿತ್ತೋ ಇಲ್ಲೋ?"

"ಯಾಕ ಬರಬಾರ್ದು? ಇಂಗ್ಲೆಂಡ್ ನಾನೂ ನೋಡೀನಿ. ನನ್ನ ಫೋಟೊ ನೋಡಾಕ ಜನ ಮೂಗ ಮುಚ್ಚಿಕೊಂಡ ಹೋಗಬೇಕು!"

"ಮುಂಜಾನಿಂದ ಎಲ್ಲಿದ್ದಿ?"

"ನಿಮ್ಮ ಮುಂದ! ಚಪ್ಪರದ ಕೆಳಗ ನಿಂತು ಹೂವಿನವನ ಜೋಡಿ ನಾ ಜಗಳಾಡಿದ್ದು ನೀವ ನೋಡಿ ನಕ್ಕೀರಲ್ಲ?"

ಹೌದು, ನಕ್ಕಿದ್ದರು. ಮಾಲೆ ಬಾಡಿದೆ ಎಂದು ಶುರುವಾದ ಜಗಳ ತೆಲುಗಿನಲ್ಲಿ ಹೊರಟು ಉರ್ದುವಿನಲ್ಲಿ ಮುಗಿದಿತ್ತು. ವಿಜಯಕುಮಾರ ಹೊಸ್ತಿಲು ದಾಟಿರಲಿಲ್ಲ.

ಎರಡನೆಯವನು ಆನಂದಕುಮಾರ. ಬಿಲ್ಡರು. ಗಚ್ಚಿಬೌಲಿಯ ಆಚೆ, ಕಂಪನಿ ಜನರಿಗೆಂದು "ಟ್ಯೂಡರ್ ಮ್ಯಾನರ್" ಹೆಸರಿನ ಬಂಗಲೆಗಳನ್ನು ಕಟ್ಟುತ್ತಿದ್ದ. ಸಿಮೆಂಟ್ ಗೋಡೆಗೆ ಕರಿ ಹಲಗೆ ಅಂಟಿಸಿದರೆ ಅವನ ಮ್ಯಾನರ್ ಆಯಿತು. ಮಾದರಿ ಮನೆಯಲ್ಲಿ ತೂಗುಹಾಕಲು ಆ ಪಟವೇ ಬೇಕೆಂದು ಸುಮಂಗಲಾಬಾಯಿಯ ಹಿಂದೆ ಬಿದ್ದಿದ್ದ. "ನಿನ್ನ ಹಲಗಿ ಮನಿಗೆ ಆಕಿ ಬರೂದಿಲ್ಲ" ಎಂದು ಅವರು ಅಂದಿದ್ದರು. ಈಗ ಅವನ ಕಾರಿನ ಹಿಂದಿನ ಸೀಟಿನಲ್ಲಿ ಉದ್ದನೆಯದೊಂದು ಸುರುಳಿ ಕೊಳವೆ!

"ಅದರಾಗೇನೈತಿ?"

"ಅದು... ಪ್ರೈವೇಟ್ ಐತ್ರಿ ಸಾಹೇಬ್ರ."

"ಪ್ರೈವೇಟ್? ತಗಿ!"

ಸುತ್ತ ಜನ ನಿಂತರು. ಕೊಳವೆ ಬಿಚ್ಚಿದರು. ಕಾಗದ ಹೊರಬಂತು. ಟ್ಯೂಡರ್ ಮ್ಯಾನರಿನ ನಕ್ಷೆ. ಅದರಲ್ಲಿ ಎಲ್ಲ ಬಂಗಲೆಗಳಿಗೂ ಕರಿ ತೊಲೆಗಳಿದ್ದವು; ಒಂದಕ್ಕೂ ಮೆಟ್ಟಿಲಿರಲಿಲ್ಲ. ಮಹಡಿಗೆ ಹತ್ತುವುದು ಹೇಗೆಂದು ಯಾರೋ ಕೇಳಿದರು.

"ಅದಕ್ಕ ಪ್ರೈವೇಟ್ ಅಂದೆ" ಎಂದು ಆನಂದಕುಮಾರ ತಲೆ ತಗ್ಗಿಸಿದ.

ಜಮಾದಾರರ ಮೀಸೆ ಇನ್ನಷ್ಟು ಇಳಿಯಿತು. ಮುಂಬಾಗಿಲಿಂದ ಕಳ್ಳ ಹೋಗಿಲ್ಲ. ಅದಕ್ಕೆ ತಾವೇ ಸಾಕ್ಷಿ. ಉಳಿದದ್ದು ಹಿಂದಿನ ಅಡಿಗೆಮನೆ. ಅಲ್ಲಿ ಗೋದಾವರಿ ಸಂಜೆಗೆಂದು ಹೋಳಿಗೆ, ಅನ್ನ ಮಾಡುತ್ತಿದ್ದಳು. ಬಳಗದ ಊಟಕ್ಕೆಲ್ಲ ಅವಳದೇ ಕೈ. ಹಾಲಿನ ಹಿತ್ತಲಿನ ಕೋಣೆಯಲ್ಲೇ ಅವಳ ವಾಸ.

"ಗೋದಾವರಿ, ಈ ಕಡೆಯಿಂದ ಯಾರರ ಒಳಗ ಹೋದ್ರೇನವಾ?"

"ನಾ ಒಲಿ ಮುಂದ ಕುಂತಾಕಿ ಜಮಾದಾರ್ರ. ಯಾರ ಬಂದ್ರು, ಯಾರ ಹೋದ್ರು, ನನಗೇನ ಗೊತ್ತು?" ಅವಳು ಮುಖ ಎತ್ತಲಿಲ್ಲ. ಲಟ್ಟಣಿಗೆ ಒತ್ತಿದಾಗ ಕೈಯಲ್ಲಿ ಕೆಂಪು ಬಳೆ ಸದ್ದು ಮಾಡಿದವು.

"ಎಲ್ಲಾ ಹೆಣ್ಮಕ್ಕಳಿಗೂ ಬಳಗದಿಂದ ಹಸರ ಸೀರಿ ಕೊಟ್ಟಾರ. ನೀ ಯಾಕ ಉಟ್ಟಿಲ್ಲ?"

"ಎಣ್ಣಿ ಹತ್ತತೈತಿ ಅಂತ ಇಟ್ಟೀನ್ರಿ."

ಜಮಾದಾರರು ಒಂದು ಹೋಳಿಗೆ ಎತ್ತಿಕೊಂಡರು. "ನೀ ತಿಂದೇನು?"

"ಇಲ್ರಿ. ಇವತ್ತ ಒಪ್ಪತ್ತು."

"ಮಗ ಹನುಮಂತ ಹೆಂಗದಾನ? ಕ್ಯಾಬ್ ಓಡಸ್ತಾನಲ್ಲ?"

ಲಟ್ಟಣಿಗೆ ನಿಂತಿತು. "ರಾತ್ರಿ ಪೂರಾ ಕಾಲ್ ಸೆಂಟರ್ ಹುಡುಗರನ್ನ ಬಿಡ್ತಾನ್ರಿ. ಹೋದ ತಿಂಗಳ ಗಚ್ಚಿಬೌಲಿ ರಸ್ತಾದಾಗ ಗಾಡಿ ಪಲ್ಟಿ ಆತು. ದೇವರು ದೊಡ್ಡಾಂವ, ಹಣಿಗೆ ಹೊಲಿಗಿ ಬಿದ್ದದ್ದರಾಗ ಹೋತು. ಇವತ್ತ ಮತ್ತ ಹೊರಟಾನ. ಬ್ಯಾಡ ಅಂದ್ರ ಕೇಳೂದಿಲ್ಲ."

ಅಷ್ಟರಲ್ಲಿ ಹಾಲಿನಿಂದ ಸುಮಂಗಲಾಬಾಯಿ ಕರೆದರು. "ಗೋದಾವರಿ! ಒಂದೀಟ ಬಾ ಇಲ್ಲೆ!"

ಅಡಿಗೆಮನೆಗೂ ಹಾಲಿಗೂ ನಡುವೆ ಒಂದೇ ಬಾಗಿಲು. ಅದರ ಮುಂದೆ ಅಕ್ಕಿ ತೊಳೆದ ಬೋಗುಣಿ ಸ್ವಲ್ಪ ಮುಂಚೆ ಉರುಳಿ, ಬಿಳಿ ನೀರು ಹರಡಿತ್ತು. ಗೋದಾವರಿ ಎರಡು ಹೆಜ್ಜೆ ಇಟ್ಟಳು, ನೀರು ನೋಡಿದಳು, ತಿರುಗಿದಳು. ಹಿತ್ತಲ ಬಾಗಿಲಿಂದ ಹೊರಬಿದ್ದಳು. ಜಮಾದಾರರು ಕುತೂಹಲದಿಂದ ಹಿಂದೆ ನಡೆದರು. ಅವಳು ಕಟ್ಟಡ ಸುತ್ತಿ ಮುಂದೆ ಬಂದಳು. ಮುಂಬಾಗಿಲು ತೆರೆದೇ ಇತ್ತು. ಚಪ್ಪರದ ಹತ್ತಿರ ನಿಂತಳು. ಅಲ್ಲೂ ಒಳಗೆ ಹೋಗಲಿಲ್ಲ. ಪಕ್ಕದ ಕಿಟಕಿಯ ಸರಳು ಹಿಡಿದು ಕೇಳಿದಳು:

"ಏನ್ರಿ ಅಕ್ಕಾರ?"

"ಒಳಗ ಬಾರ!"

"ಇಲ್ಲಿಂದನ ಹೇಳ್ರಲ್ಲ..."

ಜಮಾದಾರರ ಬಾಯಿ ಅಗಿಯುವುದನ್ನು ಮರೆಯಿತು.

ಓಣಿಯಲ್ಲಿ ತೆಲುಗು ಹೆಂಗಸರು ವರಲಕ್ಷ್ಮಿ ವ್ರತದ ತಟ್ಟೆ ಹಿಡಿದು ಹೋಗುತ್ತಿದ್ದರು. ಎಲ್ಲರ ಕೈಯಲ್ಲೂ ಗಾಜಿನ ಹಸಿರು ಬಳೆ. ಹಾಲಿನೊಳಗಿನ ಹೆಂಗಸರೆಲ್ಲ ಹಸಿರು ಸೀರೆ. ಇವಳೊಬ್ಬಳೇ ಕೆಂಪು. ಶ್ರಾವಣ. ಶುಕ್ರವಾರ. ಒಪ್ಪತ್ತು. ಎಷ್ಟೋ ವರ್ಷದ ಹಿಂದಿನ ಒಂದು ಅಡಿಗೆಮನೆ ಅವರ ಕಣ್ಣ ಮುಂದೆ ಬಂದು ನಿಂತಿತು. ಗೋಡೆಗೆ ಹಚ್ಚಿದ ಒಂದು ಕಾಗದ, ಅದರ ಮುಂದೆ ಅವ್ವ.

ಮೀಸೆ ತಾನಾಗಿಯೇ ಮೇಲೆದ್ದಿತು.

"ಎಲ್ಲಾರೂ ಹಾಲಿನಾಗ ಕೂಡ್ರಿ! ಕಳ್ಳ ಸಿಕ್ಕ!"

ಅದೇ ಹೊತ್ತಿಗೆ ಗಚ್ಚಿಬೌಲಿಯ ಟ್ರಾಫಿಕ್ಕನ್ನು ಬೈಯುತ್ತ ನಳಿನಿ ಪ್ರೊಫೆಸರರೂ ಬಂದಿಳಿದರು. ಖಾಲಿ ಗೋಡೆ ನೋಡಿ "ಇದ್ಯಾಕ್ರಿ?" ಎಂದರು. ವಿಜಯಕುಮಾರ ಬಾಯಿ ತೆರೆಯುವ ಮೊದಲೇ ಜಮಾದಾರರು ಕೈ ಎತ್ತಿದರು. ಇಂಥ ಗಳಿಗೆಗೆ ಅವರು ಜೀವಮಾನವೆಲ್ಲ ಕಾದಿದ್ದರು.

"ಮೊದಲ ಒಂದ ಮಾತು. ಕಳ್ಳ ನನ್ನ ಕಣ್ಣ ತಪ್ಪಿಸಿ ಹೋಗಿಲ್ಲ. ನನ್ನ ಕಣ್ಣ ತಪ್ಪಿಸೋ ಮನುಷ್ಯಾ ಇನ್ನೂ ಹುಟ್ಟಿಲ್ಲ. ಕಳ್ಳ ತಪ್ಪಿಸಿದ್ದು ಈ ಚಪ್ಪರಾನ!"

"ಚಪ್ಪರ ಯಾಕ ತಪ್ಪಿಸಬೇಕ್ರಿ?" ಎಂದ ಆನಂದಕುಮಾರ.

"ಹಸರ ಐತಿ, ಅದಕ್ಕ. ಶ್ರಾವಣ ಶುಕ್ರವಾರ ನಮ್ಮ ಕಡೆ ಕೆಲವು ಮನ್ಯಾಗ ತಾಯಂದ್ರು ಮಕ್ಕಳ ಆಯುಷ್ಯಕ್ಕ ಜೀವತಿ ಪೂಜಿ ಮಾಡ್ತಾರ. ಆ ದಿನ ಆ ತಾಯಿ ಹಸರ ಸೀರಿ ಉಡಬಾರ್ದು, ಹಸರ ಬಳಿ ಇಡಬಾರ್ದು, ಹಸರ ಚಪ್ಪರದ ಕೆಳಗ ಹಾಯಬಾರ್ದು, ಅಕ್ಕಿ ತೊಳದ ನೀರ ದಾಟಬಾರ್ದು. ನಮ್ಮವ್ವ ಹಿಂಗ ಮಾಡ್ತಿದ್ಳು. ಈ ಊರಾಗ ಇವತ್ತ ಎಲ್ಲಾರೂ ವರಲಕ್ಷ್ಮಿ ಅಂತ ಹಸರ ಬಳಿ ಇಟ್ಕೊಂಡಾರ. ಅದಕ್ಕ ಈ ಕೆಂಪ ಬಳಿ ಅರ್ಥ ಯಾರಿಗೂ ಹೊಳೀಲಿಲ್ಲ."

ಎಲ್ಲರ ಕಣ್ಣು ಕಿಟಕಿಗೆ ಹೋಯಿತು. ಸರಳಿನ ಹಿಂದೆ ಗೋದಾವರಿ ನಿಂತೇ ಇದ್ದಳು.

"ಜೀವತಿ ಪಟ ನೋಡೀರೇನು? ನಡುವ ತಾಯಿ. ಸುತ್ತ ಮಕ್ಕಳೇ ಮಕ್ಕಳು! ಈಗ ಆ ಗೋಡಿ ಮ್ಯಾಲಿನ ಯಜಮಾನಿನ್ನ ನೆನಸ್ರಿ."

"ಅಯ್ಯ!" ಎಂದು ಸುಮಂಗಲಾಬಾಯಿ ಕುರ್ಚಿಯ ಮೇಲೆ ಕೂತೇ ಬಿಟ್ಟರು.

"ಇನ್ನೊಂದ ಗುರುತೂ ಇತ್ತು. ಎಲಿ, ಅಡಕಿ, ಅಕ್ಷತಿ. ದೇವರನ್ನ ಎಬ್ಬಿಸಿಕೊಂಡ ಹೋಗೂಮುಂದ ಜಾಗಾ ಬರಿದ ಬಿಡಬಾರ್ದಂತ ಇಟ್ಟಿದ್ದು. ಕಳ್ಳ ಯಾವನರ ಕದ್ದ ಜಾಗಾದಾಗ ಎಲಿ ಅಡಕಿ ಇಡ್ತಾನೇನು?"

"ಎಲ್ಲೈತ್ರಿ ಆ ಎಲಿ ಅಡಕಿ? ತೋರಸ್ರಿ" ಎಂದ ವಿಜಯಕುಮಾರ.

ಜಮಾದಾರರು ಕೆಮ್ಮಿದರು. "ಸಾಕ್ಷಿ... ನನ್ನ ಹೊಟ್ಟ್ಯಾಗ ಭದ್ರ ಐತಿ."

ನಗು ಎದ್ದಿತು. ಗೋದಾವರಿ ನಗಲಿಲ್ಲ.

"ನಾನ ಒಯ್ದೀನ್ರಿ" ಎಂದಳು. "ನಮ್ಮತ್ತಿ ಕೊಟ್ಟ ಜೀವತಿ ಕಾಗದ ಟ್ರಂಕಿನಾಗ ಇಲಿ ಕಡದಬಿಟ್ಟಿತ್ತು. ಸುಲ್ತಾನ್ ಬಜಾರ್ ಪೂರಾ ತಿರುಗಿದೆ, ವರಲಕ್ಷ್ಮಿ ಫೋಟೊನ ಸಿಕ್ತಾವು, ಈಕಿ ಸಿಗಲಿಲ್ಲ. ಮಗನ ಹಣಿ ಹೊಲಿಗಿ ಇನ್ನೂ ಹಸಿ ಐತಿ. ನಿನ್ನಿ ಸಂಜಿಕ ಇಲ್ಲಿ ಬಂದು ನೋಡ್ತೀನಿ, ಬಂಗಾರದಂಗ ನಿಂತಾಳ! ನನ್ನ ಸಲುವಾಗಿನ ಬಂದಾಳ ಅನಸ್ತು. ಇವತ್ತ ಮುಂಜಾನೆ ಅಡಗಿಮನಿ ಬಾಗಲದಿಂದ ಒಯ್ದೆ. ಸಂಜಿ ಆರತಿ ಆದ ಕೂಡ್ಲೇ ತಂದಿಡಾಕಿ ಇದ್ದೆ."

"ಕೇಳಿದ್ರ ನಾ ಕೊಡ್ತಿರಲಿಲ್ಲೇನು?" ಎಂದರು ಸುಮಂಗಲಾಬಾಯಿ.

"ಕೇಳಾಕ ಅಂತ ಬಂದಿದ್ದೆ ಅಕ್ಕಾರ. 'ಎಣ್ಣಿ ಕೈಯಾಕಿ, ದೂರ ನಿಲ್ಲು' ಅಂದ್ರಿ."

ಸುಮಂಗಲಾಬಾಯಿಯ ಮೇಲೆತ್ತಿದ ಗದ್ದ ಆ ದಿನ ಮೊದಲ ಸಲ ಕೆಳಗಿಳಿಯಿತು.

ಎಲ್ಲರೂ ಹಿತ್ತಲಿನ ಕೋಣೆಗೆ ನಡೆದರು. ಬಾಗಿಲಲ್ಲೇ ನಿಂತರು. ಸಣ್ಣ ಕೋಣೆ. ಗೋಡೆಯ ಮೇಲೆ ಇಂಗ್ಲೆಂಡಿನ ವಾಡೆಯ ಯಜಮಾನಿ. ಪಟಕ್ಕೆ ಎಣ್ಣೆಯ ಒಂದು ಚುಕ್ಕೆಯೂ ತಾಗದಂತೆ ಕುಂಕುಮವನ್ನು ಸುತ್ತ ಗೋಡೆಗೆ ಇಟ್ಟಿದ್ದಳು ಗೋದಾವರಿ. ಮೇಲೊಂದು ಗೆಜ್ಜೆವಸ್ತ್ರ, ಮುಂದೆ ಹಚ್ಚದ ಆರತಿ, ಪುಟ್ಟ ತಟ್ಟೆಯಲ್ಲಿ ಹೋಳಿಗೆ. ಅಷ್ಟೊಂದು ಮಕ್ಕಳೊಂದಿಗೆ ಕೈ ಮುಗಿದು ನಿಂತ ಆ ದೊರೆಸಾನಿ ಇದೇ ಕೋಣೆಯಲ್ಲಿ ಹುಟ್ಟಿ ಬೆಳೆದವಳ ಹಾಗಿದ್ದಳು.

ನಳಿನಿ ಕನ್ನಡಕ ಸರಿಮಾಡಿಕೊಂಡು ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

"ಈ ಸಣ್ಣ ಹುಡುಗನ ತಲಿ ಹತ್ರ ಮೇಣ ಯಾಕ ಜಿಗಿದೈತಿ?"

"ಅಲ್ಲಿ ನನಗ ಸೀನು ಬಂತ್ರಿ" ಎಂದರು ಸುಮಂಗಲಾಬಾಯಿ ಸಣ್ಣ ದನಿಯಲ್ಲಿ. "ಚರ್ಚಿನಾಗ ಭಾಳ ಥಂಡಿ ಇತ್ತು."

ನಳಿನಿ ತಿರುಗಿ ವಿಜಯಕುಮಾರನನ್ನು ನೋಡಿದರು. "ಅಚ್ಚು ಹಾಕಿ ಮಾರೋ ಪಟದಾಗ ಸೀನು ಇರೂದಿಲ್ಲರಿ. ಇದು ಕೈಲೆ ತಿಕ್ಕಿದ್ದು. ಇಷ್ಟ ಚೆಂದಾಗಿ ತಿಕ್ಕಿದ್ದು ನಾ ಭಾಳ ನೋಡಿಲ್ಲ."

ಸುಮಂಗಲಾಬಾಯಿಯ ಗದ್ದ ಮತ್ತೆ ಮೇಲೆದ್ದಿತು. ಆ ಕೋಣೆಯ ಸೂರಿಗೆ ತಾಗುತ್ತದೇನೋ ಅನ್ನುವ ಹಾಗೆ.

ಸೋತ ವಿಜಯಕುಮಾರನಿಗೆ ನಾಲಿಗೆ ಸುಮ್ಮನಿರಲಿಲ್ಲ. "ಎಲ್ಲಾ ಖರೆ. ಆದ್ರ ಇದು ದೇವರಲ್ಲ, ಗೋರಿ ಪಟ. ಮಗನ ಆಯುಷ್ಯಕ್ಕ ಅಂತ ಈಕಿ ಸತ್ತಾಕಿ ಪೂಜಿ ಮಾಡ್ಯಾಳ!"

ಗೋದಾವರಿಯ ಕೈ ಬಾಯಿಗೆ ಹೋಯಿತು. "ಗೋರಿ? ಅಯ್ಯೋ ಹನುಮಂತಾ... ಏನ ಮಾಡಿಬಿಟ್ಟೆ ನಾ!" ಎಂದು ಪಟ ಕೀಳಲು ಹೊರಟಳು.

ಸುಮಂಗಲಾಬಾಯಿ ಅವಳ ಎಣ್ಣೆಯ ಕೈಯನ್ನು ಎರಡೂ ಕೈಯಿಂದ ಹಿಡಿದರು.

"ತಡಿ. ನಾ ಈಕಿ ಮುಂದ ದಿನಗಟ್ಟಲೆ ಮೊಣಕಾಲೂರಿ ಕುಂತಾಕಿ, ಈಕಿ ಸುದ್ದಿ ನನ್ನ ಕೇಳು. ಅರಸು ಹೋತು, ವಾಡೆ ಬ್ಯಾರೆಯವರದಾತು, ಆಕಿ ಹೆಸರು ಸುದ್ದಾ ಸವದಹೋತು. ಐದನೂರ ವರ್ಷ ಆಗಾಕ ಬಂತು, ಮಕ್ಕಳನ್ನ ಮಾತ್ರ ಕಾಲ ಬಿಟ್ಟು ಸರಸಿಲ್ಲ, ಮುಗಿದ ಕೈ ಇಳಿಸಿಲ್ಲ. ಇಂಥಾಕಿಗೆ ಆರತಿ ಮಾಡದ ಇನ್ಯಾರಿಗೆ ಮಾಡ್ತಿ? ಕೂಡ್ರು. ಪೂಜಿಗೆ ಕುಂತಾಕಿನ್ನ ನಡುವ ಎಬ್ಬಿಸಬಾರ್ದು. ನನ್ನ ಗೋಡಿ ಖಾಲಿ ಇದ್ರ ಇರ್ಲಿ, ಜನ ಇಲ್ಲೇ ಬಂದು ನೋಡ್ಲಿ."

ಜನ ಅಲ್ಲೇ ಬಂದು ನೋಡಿದರು. ದೀಪ ಹಚ್ಚುವ ಹೊತ್ತಿಗೆ ಹಿತ್ತಲು ತುಂಬಿತ್ತು. ಕೆಂಪು ಬಳೆಯ ಕೈ ಆರತಿ ಎತ್ತಿತು. ಬಂಗಾರದ ಯಜಮಾನಿಯ ಮುಖ ಬೆಳಕಿನಲ್ಲಿ ಒಮ್ಮೆ ಮಿನುಗಿತು.

ಹತ್ತಿರವಿಲ್ಲದ ಮಕ್ಕಳಿಗೆ ಆ ದಿಕ್ಕಿಗೆ ಅಕ್ಷತೆ ಎರಚುವುದು ಪದ್ಧತಿ. ಗೋದಾವರಿ ಬಾಗಿಲಿಗೆ ಬಂದು ಗಚ್ಚಿಬೌಲಿಯ ಕಡೆಗೆ ಒಂದು ಹಿಡಿ ಎರಚಿದಳು. ಅರ್ಧ ಆನಂದಕುಮಾರನ ತಲೆಯ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಭೀಮಾಶಂಕರ ಜಮಾದಾರರು ಸದ್ದಿಲ್ಲದೆ ಎರಡು ಹೆಜ್ಜೆ ಮುಂದೆ ಸರಿದು ನಿಂತರು. ಇನ್ನೊಂದೆರಡು ಕಾಳು ಬಿದ್ದರೆ ಬೀಳಲಿ. ತಾವು ಡ್ಯೂಟಿಯ ಮೇಲೆ ಯಾವ ರೈಲಿನಲ್ಲಿದ್ದರೂ ಅವ್ವ ಹಳಿಯ ಕಡೆಗೆ ಹೀಗೇ ಎರಚುತ್ತಿದ್ದಳು.

ಗೋದಾವರಿಯ ಮುಷ್ಟಿಯಲ್ಲಿ ಇನ್ನೂ ಅಕ್ಷತೆ ಇತ್ತು. ಪಟದ ಮಕ್ಕಳನ್ನು ನೋಡಿದಳು, ಹೊರಗೆ ನೋಡಿದಳು.

"ಜಮಾದಾರ್ರ, ಈ ತಾಯಿ ಊರು ಯಾವ ಕಡೆ ಬರ್ತೈತ್ರಿ?"

ಲೋಕದ ದಿಕ್ಕೆಲ್ಲ ರೈಲಿನಿಂದಲೇ ಕಲಿತವರು ಅವರು. ಎದೆ ಸೆಟೆಸಿ ಕೈ ನೀಡಿದರು.

"ಬೊಲಾರಂ ಲೈನ್ ಹಿಡಿದು ಸೀದಾ ಹೋಗಬೇಕು. ಸಮುದ್ರ ಬಂದಲ್ಲಿ ಗಾಡಿ ಬದಲಸಬೇಕು."

ಗೋದಾವರಿ ಆ ಕಡೆಗೆ ತಿರುಗಿ, ಆ ಹಿಂಡು ಮಕ್ಕಳಿಗೆಲ್ಲ ಸಾಲುವಷ್ಟು ದೊಡ್ಡ ಹಿಡಿಯನ್ನು ತೋಳು ಬೀಸಿ ಎರಚಿದಳು.